ಹನ್ನೊಂದು ಗಾಜಿನ ಪಟ್ಟಿ

ಮೇಲಿನ ಬೀದಿ ಶುರುವಾಗುವ ತಿರುವಿನಲ್ಲಿ, ಗುಡ್ಡಕ್ಕೆ ಬೆನ್ನು ಆನಿಸಿ ನಿಂತಿರುವ ಕಟ್ಟಡವೇ ಊರಿನ ಮ್ಯೂಸಿಯಂ. ದೊಡ್ಡದೇನಲ್ಲ, ಮೂರು ಕೋಣೆ. ಮೊದಲನೆಯದು ವಿಜ್ಞಾನದ್ದು. ಹಿಡಿಕೆ ತಿರುಗಿಸಿದರೆ ಗಡಗಡ ನಡುಗಿ ಭೂಕಂಪ ತೋರಿಸುವ ಒಂದು ಮರದ ಪೆಟ್ಟಿಗೆ ಅಲ್ಲಿದೆ. ಎರಡನೆಯದು ಊರಿನ ಚರಿತ್ರೆಯದು. ಹಳೆಯ ತಕ್ಕಡಿ, ಹಳೆಯ ಬೀಗ, ಯಾರೆಂದು ಯಾರಿಗೂ ಗೊತ್ತಿಲ್ಲದ ಹಿರಿಯರ ಫೋಟೋಗಳು. ಮೂರನೆಯದನ್ನು ಎಲ್ಲರೂ ಕರೆಯುವುದು ಕುಸಿತದ ಕೋಣೆ ಅಂತ. ನಲವತ್ತೊಂದು ವರ್ಷದ ಹಿಂದೆ ಗುಡ್ಡ ಜಾರಿ ಮೇಲಿನ ಬೀದಿಯ ಇಪ್ಪತ್ತು ಮನೆ ಮುಚ್ಚಿಹೋದ ಕಥೆಯೆಲ್ಲ ಅಲ್ಲಿದೆ.

ಆ ಕಥೆಯನ್ನು ಬಂದವರಿಗೆ ಹೇಳುವುದೇ ಗೈಡಮ್ಮನ ಕೆಲಸ. ಅವಳಿಗೂ ಒಂದು ಹೆಸರಿದೆ, ಆದರೆ ಒಂಬತ್ತು ವರ್ಷದಿಂದ ಊರಿನವರ ಬಾಯಲ್ಲಿ ಅವಳು ಗೈಡಮ್ಮನೇ. ಕೊನೆಗೆ ಅವಳು ಜನರನ್ನು ಹಿಂಗೋಡೆಯ ಮುಂದೆ ನಿಲ್ಲಿಸುತ್ತಾಳೆ. ಗುಡ್ಡಕ್ಕೆ ಅಂಟಿಕೊಂಡಿರುವ ಆ ಗೋಡೆಯಲ್ಲಿ ಕುಸಿತದ ಕಾಲದ ಬಿರುಕುಗಳು ಹಾಗೇ ಇವೆ. ಬಿರುಕುಗಳಿಗೆ ಅಡ್ಡಲಾಗಿ, ಬೆರಳಷ್ಟು ಅಗಲದ ಹನ್ನೊಂದು ಗಾಜಿನ ಪಟ್ಟಿಗಳನ್ನು ಆಗಿನ ಎಂಜಿನಿಯರು ಅಂಟಿಸಿ, ಒಂದೊಂದರ ಮೇಲೂ ನಂಬರು, ತಾರೀಖು ಬರೆದು ಹೋಗಿದ್ದರು. ಗುಡ್ಡ ಕದಲಿದರೆ ಗೋಡೆ ಕದಲುತ್ತದೆ, ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಅಷ್ಟೇ ಲೆಕ್ಕ. "ನಲವತ್ತೊಂದು ವರ್ಷದಲ್ಲಿ ಒಂದೇ ಒಂದು ಗಾಜೂ ಒಡೆದಿಲ್ಲ" ಎಂದು ಗೈಡಮ್ಮ ಗಿಳಿಪಾಠ ಒಪ್ಪಿಸಿದ ಕೂಡಲೇ ಜನ ನಿಟ್ಟುಸಿರು ಬಿಟ್ಟು ಹೊರಗೆ ಹೋಗುತ್ತಿದ್ದರು.

ಈ ಮಾತು ಮ್ಯೂಸಿಯಂನಲ್ಲೇ ಉಳಿದಿದ್ದರೆ ಏನೂ ಆಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮೇಲಿನ ಬೀದಿಯಲ್ಲಿ ಹೊಸ ಶಾಲೆ ಕಟ್ಟುವ ವಿಚಾರ ಬಂತು. ಜನ ಹಿಂದೆಮುಂದೆ ನೋಡಿದರು. ಪುರಸಭೆಯ ಅಧ್ಯಕ್ಷರು ಗೈಡಮ್ಮನನ್ನು ಸಭೆಗೆ ಕರೆಸಿ ಅದೇ ಮಾತನ್ನು ಮೈಕಿನಲ್ಲಿ ಹೇಳಿಸಿದರು. ಹೇಳುವಾಗ ಅವಳಿಗೂ ಒಂಥರಾ ಹೆಮ್ಮೆಯಾಗಿತ್ತು, ಸುಳ್ಳೇಕೆ. ಈಗ ಶಾಲೆ ಎದ್ದು ನಿಂತಿತ್ತು. ಬರುವ ಸೋಮವಾರ ಹಳೆಯ ಶಾಲೆಯ ನೂರಾ ಎಂಬತ್ತು ಮಕ್ಕಳು ಸಾಲಾಗಿ ನಡೆದು ಹೊಸದಕ್ಕೆ ಹೋಗುವವರಿದ್ದರು. ಮೂರನೇ ಕ್ಲಾಸಿನ ಸಾಲಿನಲ್ಲಿ ಗೈಡಮ್ಮನ ಮಗಳೂ ಇದ್ದಳು.

ಗುರುವಾರ ಬೆಳಿಗ್ಗೆ ಬಂದದ್ದು ಒಬ್ಬರೇ. ರಿಟೈರಾದ ವಿಜ್ಞಾನದ ಟೀಚರು, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ನೋಟ್‌ಬುಕ್ಕು.

"ಸಣ್ಣ ಊರುಗಳ ಮ್ಯೂಸಿಯಂ ನೋಡೋದು ನನಗೊಂದು ಹುಚ್ಚು ಕಣಮ್ಮ," ಎಂದು ನಕ್ಕರು. "ಒಂದೂರಲ್ಲಿ ನೆರೆ ನೀರು ಎಷ್ಟೆತ್ತರ ಬಂದಿತ್ತು ಅಂತ ಗೋಡೆ ಮೇಲೆ ಗೆರೆ ಎಳೆದಿಟ್ಟಿದಾರೆ. ಇನ್ನೊಂದೂರಲ್ಲಿ ಬೆಂಕಿಗೆ ಕರಗಿದ ಗಂಟೆ ಇದೆ. ಅನುಭವಿಸಿದವರು ಏನನ್ನ ಎತ್ತಿಟ್ಟುಕೊಳ್ತಾರೆ ಅನ್ನೋದೇ ತಮಾಷೆ."

ಅವರು ನೋಡುವ ರೀತಿಯೇ ಬೇರೆ. ಎಲ್ಲರೂ ವಸ್ತುವನ್ನು ಎದುರಿನಿಂದ ನೋಡಿದರೆ ಅವರು ಪಕ್ಕದಿಂದ, ಕೆಳಗಿನಿಂದ ಬಗ್ಗಿ ನೋಡುತ್ತಿದ್ದರು. ಹಿಂಗೋಡೆಯ ಮುಂದೆ ಗೈಡಮ್ಮನ ಪಾಠ ಮುಗಿಯಿತು. ಟೀಚರು ನಿಟ್ಟುಸಿರು ಬಿಡಲಿಲ್ಲ. ಕೆನ್ನೆಯನ್ನು ಗೋಡೆಗೆ ತಾಗಿಸಿ ಏಳನೇ ಪಟ್ಟಿಯ ಅಂಚು ನೋಡಿದರು. ಆಮೇಲೆ ಎಂಟನೆಯದು. ಹನ್ನೊಂದನ್ನೂ ನೋಡಿದರು.

"ನಲವತ್ತೊಂದು ವರ್ಷದ್ದಾ ಇವು?"

"ಹೌದು ಮೇಡಂ. ತಾರೀಖು ಬರೆದಿದೆಯಲ್ಲ."

"ಬರೆದಿದೆ. ಆದರೆ ಆ ಕಾಲದ ಗಾಜಲ್ಲಿ ಅಲೆ ಅಲೆ ಇರುತ್ತಮ್ಮ, ಓರೆಯಾಗಿ ನೋಡಿದರೆ ಕಾಣುತ್ತೆ. ಇದು ನೋಡು, ನೀರಿನ ಹಾಗೆ ನುಣ್ಣಗಿದೆ. ಅಂಚಲ್ಲಿ ಹಸಿರು ಹೊಡೀತಿದೆ. ಇದು ಹೊಸ ಗಾಜು. ಹನ್ನೊಂದೂ ಹೊಸವೇ."

ಗೈಡಮ್ಮ ತಾನೂ ಬಗ್ಗಿ ಏಳನೇ ಪಟ್ಟಿಯ ಅಂಚು ನೋಡಿದಳು. "ಇರಲಾರದು ಮೇಡಂ" ಎಂದಳು, ಆದರೆ ಅವಳ ಧ್ವನಿ ಅವಳಿಗೇ ಪರಕೀಯವಾಗಿ ಕೇಳಿಸಿತು. ಟೀಚರು ನೋಟ್‌ಬುಕ್ಕಿನಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಗಾಜು ಹಾಕಿದವರು ಯಾರು ಅಂತ ಕೇಳು. ಇವತ್ತೇ ಕೇಳು," ಎಂದು ಹೇಳಿ ಬಸ್ಸಿಗೆ ಹೋದರು.

ಯಾರು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಮ್ಯೂಸಿಯಂನಲ್ಲಿ ಗಾಜು ಮುಟ್ಟುವ ಕೈ ಒಂದೇ, ಅದು ಅವಳ ಸೋದರಮಾವನದು. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿ, ಓದಿಸಿ, ಇದೇ ಕಟ್ಟಡದಲ್ಲಿ ಕೆಲಸಕ್ಕೆ ಸೇರಿಸಿದವರೂ ಅವರೇ. ಮೂವತ್ತು ವರ್ಷದಿಂದ ಅವರು ಇಲ್ಲಿ ಉಸ್ತುವಾರಿ: ಕಸ ಗುಡಿಸುವುದು, ಚೌಕಟ್ಟು ಕೂಡಿಸುವುದು, ಅಳಿಸಿದ ಅಕ್ಷರಕ್ಕೆ ಬಣ್ಣ ತುಂಬುವುದು. ಯಾರ ಕೈಬರಹ ಕೊಟ್ಟರೂ ಅಚ್ಚೊತ್ತಿದ ಹಾಗೆ ತಿದ್ದಿ ಬರೆಯುತ್ತಿದ್ದರು. ಗೋಡೆಯ ಮೇಲೆ ಫೋಟೋ ಒಂದು ಕೂದಲೆಳೆ ವಾಲಿದ್ದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ಹಿಂದಿನ ಪಡಸಾಲೆಯಲ್ಲಿ ಅವರು ಒಂದು ಚೌಕಟ್ಟಿಗೆ ಮರಳುಕಾಗದ ಉಜ್ಜುತ್ತಿದ್ದರು. ಅವಳು ಕೇಳಿದಳು. ಅವರು ತಲೆ ಎತ್ತಲಿಲ್ಲ, ಮುಚ್ಚಿಡಲೂ ಇಲ್ಲ.

"ಹೌದು, ನಾನೇ ಹಾಕಿದೀನಿ. ಒಡೆದಿದ್ದನ್ನ ಹಾಗೇ ಬಿಡೋಕಾಗುತ್ತೇನೇ? ವರ್ಷಕ್ಕೊಂದ್ಸಲ ತಪಾಸಣೆಗೆ ಬರ್ತಾರೆ, ಲಿಸ್ಟು ಹಿಡ್ಕೊಂಡು ಲೆಕ್ಕ ಮಾಡ್ತಾರೆ. ‘ಗಾಜಿನ ಪಟ್ಟಿ ಹನ್ನೊಂದು, ಸುಸ್ಥಿತಿ’ ಅಂತಿದೆ ಅದರಲ್ಲಿ. ನಾನು ಸೇರಿದ ವರ್ಷ ಒಂದು ಜಾಡಿ ಬಿರುಕು ಬಿಟ್ಟಿದ್ದಕ್ಕೆ ಮೆಮೋ ಕೊಟ್ಟಿದ್ರು. ಅವತ್ತಿಂದ ಒಂದು ವಸ್ತು ಮುಕ್ಕಾಗೋಕೆ ಬಿಟ್ಟಿಲ್ಲ ನಾನು."

"ಮಾವ, ಅದು ಒಡೀಲಿ ಅಂತಾನೇ ಅಂಟಿಸಿರೋದು. ಒಡೆದರೆ ತಾನೇ ಗುಡ್ಡ ಕದಲಿದೆ ಅಂತ ಗೊತ್ತಾಗೋದು."

ಮರಳುಕಾಗದ ನಿಂತಿತು. ದಿನಕ್ಕೆ ಮೂರು ಸಲ ಅವಳ ಪಾಠ ಅವರ ಕಿವಿಗೆ ಬೀಳುತ್ತಿತ್ತು. ಗೈಡು ಹೇಳುವ ಕಥೆ ಬಂದವರಿಗೆ ಎಂದುಕೊಂಡಿದ್ದರೇ ಹೊರತು, ಕೈಯಲ್ಲಿ ಬಟ್ಟೆ ಹಿಡಿದು ಒರೆಸುವವರಿಗೂ ಅದು ಸಂಬಂಧಪಟ್ಟದ್ದು ಎಂದು ಅವರಿಗೆ ಒಮ್ಮೆಯೂ ಅನಿಸಿರಲಿಲ್ಲ. ಅವಳಿಗಾದರೂ ಎಲ್ಲಿ ಅನಿಸಿತ್ತು? ಒಂಬತ್ತು ವರ್ಷ ಆ ಗಾಜುಗಳತ್ತ ಬೆನ್ನು ಹಾಕಿ, ಮುಖವನ್ನು ಜನರ ಕಡೆಗಿಟ್ಟೇ ಮಾತಾಡಿದವಳು ಅವಳು.

"ಎಷ್ಟು ಬದಲಾಯಿಸಿದೀರಿ?"

ಮಾವ ಎದ್ದು ಬೀರುವಿನ ಕೆಳಗಿನ ಖಾನೆ ಎಳೆದರು. ಒಡೆದ ಚೂರನ್ನೂ ಎಸೆಯುವ ಮನುಷ್ಯರಲ್ಲ. ಅಂದಂದಿನ ದಿನಪತ್ರಿಕೆಯ ಹಾಳೆಯಲ್ಲಿ ಸುತ್ತಿ, ದಾರ ಕಟ್ಟಿ, ಸಾಲಾಗಿ ಜೋಡಿಸಿಟ್ಟಿದ್ದರು. ಹದಿನೈದು ಪೊಟ್ಟಣ. ಗೈಡಮ್ಮ ನೆಲದ ಮೇಲೆ ಕೂತು ಒಂದೊಂದನ್ನೇ ತಿರುಗಿಸಿ ಪತ್ರಿಕೆಯ ತಾರೀಖು ಓದಿದಳು. ಮೊದಲನೆಯದು ಹನ್ನೆರಡು ವರ್ಷದ ಹಿಂದಿನದು. ಎರಡನೆಯದು ಐದು ವರ್ಷದ ಹಿಂದಿನದು. ಹೋದ ವರ್ಷದ್ದು ಎರಡು. ಉಳಿದ ಹನ್ನೊಂದೂ ಈ ವರ್ಷದ್ದೇ, ಅದರಲ್ಲಿ ಆರು ಈ ತಿಂಗಳದ್ದು. ಕೊನೆಯ ಪೊಟ್ಟಣದ ಕಾಗದ ಇನ್ನೂ ಬೆಳ್ಳಗಿತ್ತು. ಅದು ಮೊನ್ನೆ ಮಂಗಳವಾರದ ಪತ್ರಿಕೆ.

ಗುಡ್ಡ ಹನ್ನೆರಡು ವರ್ಷದಿಂದ ಬಾಗಿಲು ಬಡಿಯುತ್ತಿತ್ತು. ಮಾವ ಪ್ರತಿ ಸಲವೂ ಸದ್ದನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟಿದ್ದರು.

ಆ ಸಂಜೆ ಅವಳು ಯಾರಿಗೂ ಹೇಳಲಿಲ್ಲ. ಎದುರುಮನೆಯ ಟೈಲರಮ್ಮ ಹೊಸ ಯೂನಿಫಾರಂ ಹಿಡಿದು ಬಂದಳು. ಅವಳ ಮಗಳೂ ಗೈಡಮ್ಮನ ಮಗಳೂ ಒಂದೇ ಬೆಂಚು, ಒಂದು ಜೀವ ಎರಡು ದೇಹ. "ಎರಡಕ್ಕೂ ಒಂದೇ ತಾನಿನ ಬಟ್ಟೆ ಕಣೇ. ಸೋಮವಾರ ಇವೆರಡೂ ಕೈ ಕೈ ಹಿಡ್ಕೊಂಡು ಹೋಗೋದನ್ನ ನೋಡೋಕೆ ಕಣ್ಣು ಸಾಲದು," ಎಂದಳು. ಗೈಡಮ್ಮನ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಹೇಳಿದರೆ ಮಾವನ ಹೆಸರು ಬರುತ್ತದೆ. ಮೂವತ್ತು ವರ್ಷ ಜೀವ ತೇಯ್ದು ದುಡಿದ ಮನುಷ್ಯನ ಮುಖಕ್ಕೆ ಊರು ಉಗಿಯುತ್ತದೆ. ಮೊದಲು ಅಧ್ಯಕ್ಷರಿಗೆ ಹೇಳೋಣ, ಅವರೇ ಶಾಲೆಯನ್ನು ಮುಂದಕ್ಕೆ ಹಾಕುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶುಕ್ರವಾರ ಬೆಳಿಗ್ಗೆ ಅವಳು ಫೋನ್ ಮಾಡಿದ ಮೇಲೆ ಅಧ್ಯಕ್ಷರು ಮ್ಯೂಸಿಯಂಗೆ ಬಂದರು. ಪೊಟ್ಟಣಗಳನ್ನು ನೋಡಿದರು. ಮುಖ ಒಂದು ಗಳಿಗೆ ಹುಳ್ಳಗಾಯಿತು, ಮರುಗಳಿಗೆ ಸರಿಹೋಯಿತು. ಅಧ್ಯಕ್ಷರ ಮುಖಗಳಿಗೆ ಅದು ಅಭ್ಯಾಸ.

"ನೋಡಮ್ಮ, ಈ ವರ್ಷ ಶಾಲೆ ಕಟ್ಟೋಕೆ ಲಾರಿಗಳು ಹಗಲೂ ರಾತ್ರಿ ಇದೇ ದಾರೀಲಿ ಓಡಾಡಿವೆ. ಗಾಜು ಅಂದ ಮೇಲೆ ಗೋಡೆ ಅದುರಿದ್ರೆ ಒಡೆಯುತ್ತೆ. ಈಗ ಲಾರಿ ನಿಂತಿದೆ. ಒಂದು ಹೊಸ ಗಾಜು ಹಾಕೋಣ, ನಿಮ್ಮ ಮುಂದೇನೇ. ಸೋಮವಾರ ಬೆಳಿಗ್ಗೆ ನೋಡೋಣ. ಒಡೆದಿದ್ರೆ ಸಮಾರಂಭ ನಿಲ್ಲಿಸ್ತೀನಿ, ಮಾತು ಅಂದ್ರೆ ಮಾತು. ಒಡೀದೇ ಇದ್ರೆ ನೀವೂ ನೆಮ್ಮದಿಯಾಗಿರಿ."

ಮಾತು ನ್ಯಾಯವಾಗಿಯೇ ಇತ್ತು. ದೊಡ್ಡ ಬಿರುಕಿನ ಮೇಲೆ ಹೊಸ ಪಟ್ಟಿ ಹಚ್ಚಲು ಮಾವ ಮುಂದೆ ಬಂದರು. "ನೀವು ದೂರ ನಿಲ್ಲಿ" ಎಂದು ಅಧ್ಯಕ್ಷರು ಗದರಿದರು. ತಾವೇ ತೋಳು ಮಡಿಚಿ ಅಂಟು ಮೆತ್ತಿ ಗಾಜು ಒತ್ತಿದರು. ಜೀವಮಾನದಲ್ಲಿ ಇಂಥ ಕೆಲಸ ಮಾಡಿದವರಲ್ಲ. ಅಂಟು ಗೋಡೆಗೆಲ್ಲ ಬಳಿದು, ಪಟ್ಟಿ ಬಲಕ್ಕೆ ಇಳಿಜಾರಾಗಿ ಸೊಟ್ಟಗೆ ಕೂತಿತು. ಅದರ ಮೇಲೆ ದಪ್ಪ ಪೆನ್ನಿನಿಂದ ತಮ್ಮ ಸಹಿ ಹಾಕಿದರು.

"ನನ್ನ ಸಹಿ ಇದ್ದ ಮೇಲೆ ಯಾರು ಮುಟ್ತಾರೆ? ಇನ್ನು ಸೋಮವಾರದವರೆಗೆ ಇಬ್ಬರೂ ತುಟಿ ಪಿಟಕ್ಕೆನ್ನಬಾರದು. ಸುಮ್ಮನೆ ಗಾಬರಿ ಹಬ್ಬಿಸಿದರೆ ಹೊಣೆ ನಿಮ್ಮದೇ. ಮೊದಲೇ ನಿಮ್ಮ ಮಾವ ಮಾಡಿರೋ ಘನಂದಾರಿ ಕೆಲಸ ನೋಡಿದೀರಲ್ಲ."

ಮಾವ ತಲೆ ತಗ್ಗಿಸಿದರು. ಗೈಡಮ್ಮ "ಆಗಲಿ ಸರ್" ಎಂದಳು. ಹಾಗೆಂದಾಗ ಎದೆಯ ಮೇಲಿನ ಭಾರ ಅರ್ಧ ಇಳಿದಂತಾಯಿತು. ಆ ಹಗುರಕ್ಕೆ ಆಮೇಲೆ ಅವಳು ಎಷ್ಟು ನಾಚಿಕೊಂಡಳೋ ಲೆಕ್ಕವಿಲ್ಲ. ಅಧ್ಯಕ್ಷರು ಹೋದ ಮೇಲೆ ಮಾವ ತಾವಾಗಿಯೇ ಹೇಳಿದರು, "ನಾನು ಮುಟ್ಟಲ್ಲ ಕಣೇ. ಆ ಕಡೆ ತಿರುಗಿಯೂ ನೋಡಲ್ಲ." ಅವಳು ನಂಬಿದಳು. ತನ್ನನ್ನು ಸಾಕಿದ ಕೈಯನ್ನು ನಂಬದೆ ಇನ್ನೇನು ಮಾಡಿಯಾಳು?

ಶನಿವಾರ, ಭಾನುವಾರ ಮ್ಯೂಸಿಯಂಗೆ ರಜೆ. ಎರಡೂ ದಿನ ಮೋಡ ಕಟ್ಟಿಕೊಂಡೇ ಇತ್ತು, ಗಾಳಿಯಿರಲಿಲ್ಲ. ಗೈಡಮ್ಮ ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಗುಡ್ಡದ ಕಡೆಗೇ ನೋಡುತ್ತಿದ್ದಳು. ಗುಡ್ಡ ಎಂದಿನಂತೆ ಇತ್ತು.

ಸೋಮವಾರ ಒಂಬತ್ತಕ್ಕೆ ಅಧ್ಯಕ್ಷರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಗುಂಪಿನ ಹೆಗಲುಗಳ ಹಿಂದಿನಿಂದ ಗೈಡಮ್ಮ ಇಣುಕಿದಳು. ಗಾಜು ಇಡಿಯಾಗಿತ್ತು. ಸಹಿಯೂ ಹಾಗೇ ಇತ್ತು.

"ಏನಮ್ಮ, ಈಗೇನಂತೀರಿ?" ಅಧ್ಯಕ್ಷರು ಗಟ್ಟಿಯಾಗಿ ನಕ್ಕು ಮಾವನ ಬೆನ್ನು ತಟ್ಟಿದರು. ಮಾವ ನಗಲಿಲ್ಲ. ಗೈಡಮ್ಮನಿಗೆ ಅಳು ಒತ್ತರಿಸಿ ಬಂತು, ಸಂತೋಷದ ಅಳು. ಹೊರಗೋಡಿ ರಸ್ತೆಯಲ್ಲಿ ನಿಂತಳು. ಹತ್ತು ಗಂಟೆಗೆ ಮಕ್ಕಳ ಸಾಲು ಬಂತು. ಮಗಳು ಟೈಲರಮ್ಮನ ಮಗಳ ಕೈ ಹಿಡಿದು, ಅಮ್ಮನ ಕಡೆ ಗತ್ತಿನಿಂದ ನೋಡಿ, ಏರು ಹತ್ತತೊಡಗಿದಳು. ಅವಳ ಕಾಲರು ಮಡಿಚಿಕೊಂಡಿತ್ತು. ಗೈಡಮ್ಮನೇ ಮುಂದೆ ಹೋಗಿ ಸರಿಮಾಡಿ ಕಳಿಸಿದಳು.

ಬೀದಿ ಖಾಲಿಯಾಯಿತು. ಅವಳು ಒಳಗೆ ಬಂದು, ಕುಸಿತದ ಕೋಣೆಯ ದೀಪ ಆರಿಸಲು ಕೈ ಚಾಚಿದವಳು ಹಾಗೇ ನಿಂತಳು.

ಪಟ್ಟಿ ನೆಟ್ಟಗಿತ್ತು.

ಅಳತೆಗೋಲು ಇಟ್ಟ ಹಾಗೆ ನೆಟ್ಟಗಿತ್ತು. ಗೋಡೆಗೆ ಬಳಿದಿದ್ದ ಅಂಟಿನ ಗುರುತೂ ಇರಲಿಲ್ಲ, ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿ ಚೊಕ್ಕ ಮಾಡಿದ್ದರು. ಸಹಿ ಅಧ್ಯಕ್ಷರದೇ, ಒಂದು ಗೆರೆಯೂ ಆಚೀಚೆಯಿಲ್ಲ. ಇಷ್ಟೆಲ್ಲ ನಕಲು ಮಾಡಿದ ಕೈಗೆ ಸೊಟ್ಟಗೆ ಅಂಟಿಸುವುದು ಮಾತ್ರ ಆಗಿರಲಿಲ್ಲ.

ಮಾವ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದರೆ ಒಂದೇ ವಾರದಲ್ಲಿ ಹತ್ತು ವರ್ಷ ಕಳೆದಂತಿತ್ತು.

"ಒಡೆದಿತ್ತಾ ಮಾವ?"

"ಶನಿವಾರ ಒಂದ್ಸಲ. ಇವತ್ತು ಬೆಳಿಗ್ಗೆ ಇನ್ನೊಂದ್ಸಲ." ಅವರು ಒಳಗೆ ಬಂದು ಪಟ್ಟಿಯ ಮುಂದೆ ನಿಂತರು. "ಗಾಜು ಒಡೀದೇ ಉಳಿದಿದ್ರೆ ನಾನು ಮಾಡಿದ್ದು ತಪ್ಪಲ್ಲ ಅಂತ ಆಗ್ತಿತ್ತು. ಹನ್ನೆರಡು ವರ್ಷ ಕಣೇ. ಅದನ್ನ ಒಡೆದ ಹಾಗೇ ನೋಡೋಕೆ ನನ್ನ ಕೈಲಿ ಆಗಲಿಲ್ಲ. ಕೈ ತಾನಾಗೇ ಹೋಯ್ತು."

ಗೈಡಮ್ಮ ಶಾಲೆಯ ದಾರಿ ಹಿಡಿದಳು. ಏರು ರಸ್ತೆ, ನಡೆದರೆ ಹತ್ತು ನಿಮಿಷದ ದಾರಿ. ಹೇಗೆ ಓಡಿದಳೋ, ಎಷ್ಟು ಸಲ ಎಡವಿದಳೋ ಅವಳಿಗೇ ನೆನಪಿಲ್ಲ.

ಶಾಲೆಯ ಅಂಗಳದಲ್ಲಿ ಅಧ್ಯಕ್ಷರ ಭಾಷಣ ಮುಗಿದಿತ್ತು. ಮಕ್ಕಳು ಆಗಲೇ ಕ್ಲಾಸುಗಳಲ್ಲಿದ್ದರು. ಮೂರನೇ ಕ್ಲಾಸಿನ ಬಾಗಿಲ ಮುಂದೆ ಬಡಗಿ ಬೆವರು ಒರೆಸಿಕೊಳ್ಳುತ್ತ ಮುಖ್ಯೋಪಾಧ್ಯಾಯಿನಿಗೆ ಹೇಳುತ್ತಿದ್ದ, "ಎಂಟು ಗಂಟೆಗೆ ಅಂಚು ಹೆರೆದು ಸಲೀಸು ಮಾಡಿದ್ದೆ ಮೇಡಂ. ಈಗ ನೋಡಿ, ಮತ್ತೆ ಕಚ್ಕೊಂಡಿದೆ. ಹೊಸ ಬಾಗಿಲು ಹಿಂಗೆ ಮಾಡಿದ್ದು ನಾನು ಕಂಡಿಲ್ಲ." ಒಳಗೆ ಸಿಕ್ಕಿಕೊಂಡ ಮಕ್ಕಳು ಇದೊಂದು ಆಟವೆಂದುಕೊಂಡು ಕಿಲಕಿಲ ನಗುತ್ತಿದ್ದರು.

"ಎಲ್ಲರನ್ನೂ ಹೊರಗೆ ಕಳಿಸಿ," ಗೈಡಮ್ಮ ಏದುಸಿರಿನಲ್ಲೇ ಕೂಗಿದಳು. "ಗುಡ್ಡ ಕದಲ್ತಿದೆ. ಗಾಜು ಒಡೆದಿತ್ತು. ಬದಲಾಯಿಸಿದಾರೆ."

"ಏನಮ್ಮ ಇದು ಹೊಸ ನಾಟಕ?" ಅಧ್ಯಕ್ಷರು ಸಿಡುಕಿದರು. "ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದೀನಿ."

ಮುಖ್ಯೋಪಾಧ್ಯಾಯಿನಿ ಇಬ್ಬರ ಮುಖವನ್ನೂ ನೋಡಲಿಲ್ಲ. ಅವರ ದೃಷ್ಟಿ ಅಂಗಳದ ಹೊಸ ಸಿಮೆಂಟಿನ ಮೇಲಿತ್ತು. ಬೆಳಿಗ್ಗೆ ಅಲ್ಲಿ ಇಲ್ಲದಿದ್ದ ಗೆರೆಯೊಂದು ಗೋಡೆಯಿಂದ ಗೇಟಿನವರೆಗೆ ಹರಿದಿತ್ತು, ಒಂದು ಕಡೆ ಬೆರಳು ತೂರುವಷ್ಟು. ಅವರು ಗಂಟೆಯ ಹತ್ತಿರ ಓಡಿದರು.

ಉಳಿದ ಕ್ಲಾಸುಗಳ ಮಕ್ಕಳು ಹೊರಗೆ ಬಂದರು. ಮೂರನೇ ಕ್ಲಾಸಿನ ಬಾಗಿಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪಕ್ಕದಲ್ಲಿ ತೆರೆಯಲಾಗದ ದೊಡ್ಡ ಗಾಜಿನ ಕಿಟಕಿ. ಅಷ್ಟರಲ್ಲಿ ಮಾವ ಏರು ಹತ್ತಿ ಬಂದಿದ್ದರು. ಬಡಗಿಯ ಕೈಯಿಂದ ಸುತ್ತಿಗೆ ಕಿತ್ತುಕೊಂಡು, "ಮಕ್ಕಳೇ, ಹಿಂದೆ ಹೋಗಿ, ಗೋಡೆಗೆ ಒರಗಿ, ಕಣ್ಣು ಮುಚ್ಕೊಳ್ಳಿ," ಎಂದು ಕೂಗಿ, ಬೀಸಿ ಹೊಡೆದರು. ಒಂದು, ಎರಡು, ಮೂರು. ಗಾಜು ಸುರಿಯಿತು. ಒಳಗಿನ ನಗು ನಿಂತಿತು. ತಮ್ಮ ಕೋಟು ಬಿಚ್ಚಿ ಕಿಟಕಿಯ ಅಂಚಿಗೆ ಹಾಸಿ ಅವರು ಒಬ್ಬೊಬ್ಬರನ್ನೇ ಎತ್ತಿ ಇಳಿಸಿದರು, ಇಪ್ಪತ್ತೆಂಟು ಮಕ್ಕಳನ್ನು. ಅವರ ಮುಂಗೈಯಿಂದ ರಕ್ತ ಸೋರುತ್ತಿತ್ತು. ಗೈಡಮ್ಮ ಮಗಳನ್ನು ಎದೆಗೆ ಒತ್ತಿಕೊಂಡಳು. ಟೈಲರಮ್ಮನ ಮಗಳು ಅವಳ ಕೈಯನ್ನು ಆಗಲೂ ಬಿಟ್ಟಿರಲಿಲ್ಲ.

ಮ್ಯೂಸಿಯಂ ದಾಟಿ ಕೆಳಗಿನ ಮೈದಾನಕ್ಕೆ ಇಳಿಯುವಷ್ಟರಲ್ಲಿ ಊರಿನ ತಾಯಂದಿರೆಲ್ಲ ಓಡಿ ಬಂದಿದ್ದರು. ಎರಡೆರಡು ಸಲ ಎಣಿಸಿದರು. ನೂರಾ ಎಂಬತ್ತೂ ಸರಿಯಾಗಿತ್ತು. ಒಂದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು, ಆಗ ಮೇಲೆ ಸದ್ದಾಯಿತು. ದೊಡ್ಡ ಸದ್ದೇನಲ್ಲ, ಗೋಣಿಚೀಲದಿಂದ ಕಾಳು ಸುರಿದ ಹಾಗೆ. ಶಾಲೆಯ ಹಿಂಭಾಗ ನಿಧಾನವಾಗಿ ಬಾಗಿತು, ಚಾವಣಿ ಮಡಿಚಿಕೊಂಡಿತು, ಮಣ್ಣು ಅದರ ಮೇಲೆ ಹರಿದು ಬಂದು ಅಂಗಳ ತುಂಬಿತು. ಅಧ್ಯಕ್ಷರು ನೆಲದ ಮೇಲೆ ಕುಸಿದು ಕೂತರು.

ಬಹಳ ಹೊತ್ತಿನ ಮೇಲೆ ಟೈಲರಮ್ಮ ಗೈಡಮ್ಮನ ಹತ್ತಿರ ಬಂದಳು. ಅತ್ತು ಕಣ್ಣು ಕೆಂಪಾಗಿತ್ತು. ಕೈ ಮುಗಿಯುತ್ತಾಳೇನೋ ಎಂದುಕೊಂಡಳು ಗೈಡಮ್ಮ.

"ನಿನಗೆ ಯಾವತ್ತು ಗೊತ್ತಾಯ್ತು?"

ಗೈಡಮ್ಮ ಮಾವನ ಕಡೆ ನೋಡಿದಳು. ಅವರು ದೂರದಲ್ಲಿ ಒಬ್ಬರೇ, ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದರು. ಗಾಜು ಬದಲಾಯಿಸಿದ ಸುದ್ದಿ ಆಗಲೇ ಬಾಯಿಂದ ಬಾಯಿಗೆ ಹಬ್ಬಿ, ಅವರ ಹತ್ತಿರ ಯಾರೂ ಸುಳಿದಿರಲಿಲ್ಲ. ‘ಇವತ್ತು ಬೆಳಿಗ್ಗೆ’ ಎಂದುಬಿಟ್ಟರೆ ಎಲ್ಲವೂ ಅವರೊಬ್ಬರ ತಲೆಗೇ ಬರುತ್ತಿತ್ತು.

"ಗುರುವಾರ," ಎಂದಳು.

"ನಾನು ಯೂನಿಫಾರಂ ತಂದುಕೊಟ್ಟ ದಿನ."

"ಹೌದು."

ಟೈಲರಮ್ಮ ಬಗ್ಗಿ, ತನ್ನ ಮಗಳ ಬೆರಳುಗಳನ್ನು ಗೈಡಮ್ಮನ ಮಗಳ ಕೈಯಿಂದ ಒಂದೊಂದಾಗಿ ಬಿಡಿಸಿಕೊಂಡು, ಅವಳನ್ನು ಎತ್ತಿಕೊಂಡು ಮನೆಯ ಕಡೆ ನಡೆದಳು.